ಎಲೆ ಎತ್ತಿಕೊಂಡು ಎದ್ದ ಬೀಗರು

ಎಲೆ ಮುಂದೆ ಕೂತವರನ್ನು ಎಬ್ಬಿಸಬಾರದು. ನಮ್ಮ ಮದ್ದೂರು ಸೀಮೆಯಲ್ಲಿ ಇದು ಚಿಕ್ಕ ಮಕ್ಕಳಿಗೂ ಗೊತ್ತು. ಅದರಲ್ಲೂ ಬೀಗರ ಊಟದಲ್ಲಿ ಗಂಡಿನ ಕಡೆಯವರನ್ನು ಎಬ್ಬಿಸಿದರೆ ಮುಗಿದೇ ಹೋಯಿತು, ಮೊಮ್ಮಕ್ಕಳ ಕಾಲದವರೆಗೂ ಆಡಿಕೊಳ್ಳುತ್ತಾರೆ. ಮುದ್ದೆ ಗಟ್ಟಿಯಾಯಿತು, ಚಾಪ್ಸು ಸಾಲದೆ ಬಂತು ಅಂತಲೇ ಮಾತು ಬಿಟ್ಟವರನ್ನು ನಾನು ಕಂಡಿದ್ದೇನೆ. ಅಂಥದ್ದರಲ್ಲಿ ಕಳೆದ ಮೇ ತಿಂಗಳು ನಮ್ಮ ಬೆಸಗರಹಳ್ಳಿಯಲ್ಲಿ ಒಂದು ಪಂಕ್ತಿಗೆ ಪಂಕ್ತಿಯೇ ಊಟದ ನಡುವೆ ಎದ್ದು ಹೋಯಿತು. ಅದನ್ನು ನಿಮಗೆ ಹೇಳದಿದ್ದರೆ ನನಗೆ ಸಮಾಧಾನವಿಲ್ಲ, ಕೇಳಿ.

ಊಟ ಹಾಕಿಸಿದವನು ನಮ್ಮ ಪಕ್ಕದ ಮನೆಯ ಚಲುವರಾಜಣ್ಣ. ಒಬ್ಬಳೇ ಮಗಳು ಶ್ವೇತಳನ್ನು ಹೊಳಲು ಎಂಬ ಊರಿಗೆ ಕೊಟ್ಟಿದ್ದ. ಮದುವೆ ಮುಗಿದ ಮೇಲೆ ಭಾನುವಾರ ಬೀಗರ ಊಟ ಇಟ್ಟುಕೊಂಡ. ಮನೆ ಹಿಂದಿನ ತೆಂಗಿನ ತೋಟದಲ್ಲಿ ಕಬ್ಬಿಣದ ಕಂಬ ನೆಟ್ಟು ಶಾಮಿಯಾನ ಕಟ್ಟಿಸಿದ್ದ. ಬೋಟಿ ಗೊಜ್ಜಿನ ಘಮ ರಸ್ತೆಗೇ ಬರುತ್ತಿತ್ತು.

ಬೆಳಿಗ್ಗೆಯೇ ರಂಜಿತ ಬಂದಳು. ಅವಳು ನಮ್ಮೂರಿನ ಹಾಲಿನ ಡೈರಿಯ ಕಾರ್ಯದರ್ಶಿ, ನಮ್ಮ ಸ್ತ್ರೀಶಕ್ತಿ ಸಂಘದವಳೇ. ಮದ್ದೂರಿನಲ್ಲಿ ಮಳೆ, ಸಿಡಿಲು, ನೆರೆಯ ಬಗ್ಗೆ ನಡೆದ ತರಬೇತಿಗೆ ಹೋಗಿ ಬಂದ ಮೇಲಂತೂ ಹಾಲು ಹಾಕಲು ಬಂದವರಿಗೆಲ್ಲ ಹವಾಮಾನ ಹೇಳದೆ ಬಿಡುತ್ತಿರಲಿಲ್ಲ. ಫ್ಯಾಟು ಎಷ್ಟು ಬಂತು ಅಂತ ಕೇಳಿದರೆ ಸಿಡಿಲು ಎಲ್ಲಿಗೆ ಬಂತು ಅಂತ ಹೇಳುತ್ತಾಳೆ ಎಂದು ನಾವೇ ರೇಗಿಸುತ್ತಿದ್ದೆವು. ಅವತ್ತು ಬಂದವಳೇ, ಮಧ್ಯಾಹ್ನಕ್ಕೆ ಗುಡುಗು ಸಿಡಿಲಿನ ಮುನ್ಸೂಚನೆ ಇದೆ, ಊಟವನ್ನು ರಸ್ತೆಯಾಚೆಯ ಸಮುದಾಯ ಭವನಕ್ಕೆ ಬದಲಾಯಿಸೋಣ ಅಂದಳು.

ಚಲುವರಾಜಣ್ಣ ನಕ್ಕುಬಿಟ್ಟ. ಭವನದಲ್ಲಿ ಇಕ್ಕಟ್ಟು, ಗಾಳಿ ಇಲ್ಲ, ಬೀಗರು ಏನಂದುಕೊಂಡಾರು ಅಂದ. ಅವನ ತಾಯಿ ದೇವಿರಮ್ಮಜ್ಜಿ ಆಗಲೇ ಒಂದು ಹಾರೆಕೋಲು ತಂದು ತೋಟದ ಮೂಲೆಗೆ ಹಾಕಿ, ಕಬ್ಬಿಣ ಹಾಕಿದ ಮೇಲೆ ಸಿಡಿಲು ಹತ್ತಿರ ಸುಳಿಯುವುದಿಲ್ಲ ಎಂದು ಧೈರ್ಯ ಹೇಳಿದ್ದರು.

"ಓದ್ವಾರನೂವೆ ನಿನ್ ಫೋನು ಇಂಗೇ ಬಡ್ಕತು ಕಣಮ್ಮ. ಒಂದ್ ಅನಿ ಬಿತ್ತಾ?" ಅಂದ ಚಲುವರಾಜಣ್ಣ.

"ದಿನಾ ಕಳ್ಳ ಬತ್ತನಾ ಅಣ್ಣ? ಆದ್ರೂವೆ ದಿನಾ ಬಾಗ್ಲಾಕ್ಕಂಡು ತಾನೆ ಮನಿಕತ್ತೀವಿ?" ಅಂದಳು ರಂಜಿತ.

ಅವನು ಕೇಳಲಿಲ್ಲ. ಇವಳೂ ಮುನಿಸಿಕೊಳ್ಳಲಿಲ್ಲ. ಪಂಚಾಯ್ತಿಯಿಂದ ಭವನದ ಬೀಗದ ಕೈ ಇಸಿದುಕೊಂಡು ಬಂದು ನಮ್ಮನ್ನೆಲ್ಲ ಕರೆದಳು. ಗೊಣಗಿಕೊಂಡೇ ಕಸ ಗುಡಿಸಿ, ಜಮಖಾನ ಹಾಸಿ, ನೀರು ತುಂಬಿಸಿ ಬಂದೆವು. ಮಾಡಿಟ್ಟರೆ ನಷ್ಟವೇನಿಲ್ಲವಲ್ಲ.

ಮಧ್ಯಾಹ್ನ ಮೊದಲ ಪಂಕ್ತಿ ಕೂತಿತು. ಹೊಳಲಿನವರೆಲ್ಲ ಅದರಲ್ಲೇ. ನಡುವೆ ಗಂಡಿನ ಅಜ್ಜ ಚಿಕ್ಕಬೋರಯ್ಯನವರು, ಆ ಮನೆಯ ಯಜಮಾನರು. ಅವರ ಪಕ್ಕದಲ್ಲಿ ಶ್ವೇತ ಮತ್ತು ಅವಳ ಗಂಡ, ಅವರ ಬೆನ್ನಿಗೇ ಒಂದು ಎತ್ತರದ ತೆಂಗಿನಮರ. ನಾನು ಮುದ್ದೆ ಬಡಿಸುತ್ತಿದ್ದೆ, ಚಲುವರಾಜಣ್ಣ ತಾನೇ ಸಾರಿನ ಬಕೆಟ್ಟು ಹಿಡಿದಿದ್ದ. ಮೊದಲ ತುತ್ತು ಮುರಿದಿದ್ದರು ಅಷ್ಟೆ, ಶಾಮಿಯಾನದಲ್ಲಿದ್ದ ಫೋನುಗಳೆಲ್ಲ ಒಟ್ಟಿಗೆ ಕೂಗಿಕೊಂಡವು. ಜೇಬಿನಲ್ಲಿದ್ದವು, ಸೊಂಟದಲ್ಲಿದ್ದವು, ಮಕ್ಕಳ ಕೈಯಲ್ಲಿದ್ದವು, ಯಾವುದೂ ಸುಮ್ಮನಿರಲಿಲ್ಲ. ಸಿಡಿಲು ಬರುತ್ತಿದೆ, ಕೂಡಲೇ ಗಟ್ಟಿ ಕಟ್ಟಡದೊಳಗೆ ಹೋಗಿ ಎಂದು ಕನ್ನಡದಲ್ಲೇ ಸರ್ಕಾರದ ಸಂದೇಶ ಬಂದಿತ್ತು. ಪಕ್ಕದ ಕೊಪ್ಪದ ಕಡೆ ನೋಡಿದರೆ ಆಕಾಶ ಬಾಣಲೆ ತಳದ ಹಾಗೆ ಕಪ್ಪಾಗಿತ್ತು. ದೂರದಲ್ಲಿ ಗುಡುಗಿತು.

ರಂಜಿತ ಓಡಿ ಬಂದು ಚಲುವರಾಜಣ್ಣನ ಮುಂದೆ ನಿಂತಳು. ಅವನು ಬಕೆಟ್ಟು ಕೆಳಗಿಡಲಿಲ್ಲ.

"ಎಲೆ ಮುಂದಿಂದ ಎಂಗಮ್ಮ ಎಬ್ಬುಸ್ಲಿ? ನಾಳೆ ನನ್ ಮಗ್ಳು ಆ ಮನೇಲಿ ಬಾಳ್ಬೇಕಲ್ಲ."

"ಬಾಳ್ಬೇಕು ಅಂತ್ಲೇ ಎಬ್ಬುಸಣ್ಣ. ಗುಡುಗು ಕಿವಿಗ್ ಬಿತ್ತು ಅಂದ್ರೆ ಸಿಡ್ಲು ನಮ್ ತಲೆ ಮ್ಯಾಲೂ ಬೀಳಬೋದು. ಮೇಲ್ ಮರ, ಸುತ್ತ ಕಬ್ಬಿಣದ ಕಂಬ. ಎಲ್ ಕುಂತವ್ಳೆ ನೋಡು ನಿನ್ ಮಗ್ಳು."

ಅವನು ನೋಡಿದ. ಬಕೆಟ್ಟು ಕೆಳಗಿಟ್ಟು ನೇರವಾಗಿ ಚಿಕ್ಕಬೋರಯ್ಯನವರ ಮುಂದೆ ಹೋಗಿ, ಸಾರು ಮೆತ್ತಿದ್ದ ಕೈಯಲ್ಲೇ ಮುಗಿದ. "ತಪ್ಪು ತಿಳ್ಕಬ್ಯಾಡಿ ಯಜಮಾನ್ರೇ. ಸಿಡ್ಲು ಬತ್ತಾ ಅದೆ. ನಿಮ್ ಕಾಲಿಗ್ ಬೀಳ್ತೀನಿ, ಎದ್ದು ಭವನದೊಳಿಕ್ ಬನ್ನಿ."

ಹೊಳಲಿನವರೆಲ್ಲ ಅಜ್ಜನ ಮುಖವನ್ನೇ ನೋಡುತ್ತಿದ್ದರು. ಅಜ್ಜ ಆಕಾಶ ನೋಡಿದರು, ಎಲೆಯ ಮೇಲಿದ್ದ ಮುದ್ದೆ ನೋಡಿದರು. ಆಮೇಲೆ ಎಲೆಯ ಎರಡೂ ಕೊನೆ ಹಿಡಿದು ಮಡಚಿ, ಎರಡೂ ಕೈಯಲ್ಲಿ ಎತ್ತಿಕೊಂಡು ನಿಂತೇಬಿಟ್ಟರು.

"ಎಲೆ ಬುಟ್ಟು ಎದ್ರೆ ತಾನೆ ಅವಮಾನ? ಎತ್ಕಳ್ರಲಾ ನಿಮ್ ನಿಮ್ ಎಲೆಯ."

ಅಯ್ಯೋ, ಆ ಮೆರವಣಿಗೆಯನ್ನು ನೀವು ನೋಡಬೇಕಿತ್ತು. ಪಂಚೆ ಎತ್ತಿ ಕಟ್ಟಿದ ಗಂಡಸರು, ರೇಷ್ಮೆ ಸೀರೆಯ ಹೆಂಗಸರು, ಎಲ್ಲರೂ ಮುದ್ದೆ ಸಮೇತ ಎಲೆ ಹಿಡಿದು ರಸ್ತೆ ದಾಟಿದರು. ಸಾರು ಮೊಣಕೈಗೆ ಇಳಿಯುತ್ತಿತ್ತು. ಯಾರೋ ನಗುತ್ತಿದ್ದರು, ಯಾರೋ ಬೈಯುತ್ತಿದ್ದರು. ಒಲೆ ಬಿಟ್ಟು ಬರಲೊಪ್ಪದ ಬಾಣಸಿಗನನ್ನು ರಟ್ಟೆ ಹಿಡಿದು ನಾನೇ ಎಳೆದುಕೊಂಡು ಹೋದೆ. ದೇವಿರಮ್ಮಜ್ಜಿ ಮಾತ್ರ ಬಾಗಿಲಾಚೆ ನಿಂತು, ಸಿಡಿಲು ದೂರ ಹೋಗಲಿ ಎಂದು ಅರ್ಜುನ ಅರ್ಜುನ ಎನ್ನುತ್ತಿದ್ದರು. ಒಳಗೆ ಕೂತು ಕೂಗಿದರೂ ಅರ್ಜುನನಿಗೆ ಕೇಳಿಸುತ್ತದೆ ಎಂದು ರಂಜಿತ ಅವರನ್ನು ಒಳಗೆ ಕರೆದುಕೊಂಡಳು. ಕಿಟಕಿಯ ಸರಳು ಮುಟ್ಟಬೇಡಿ, ನಲ್ಲಿ ತಿರುಗಿಸಬೇಡಿ ಎಂದು ಎಲ್ಲರಿಗೂ ಹೇಳಿದಳು.

ಕೂತು ಉಸಿರು ಬಿಡುವಷ್ಟರಲ್ಲಿ ಭೂಮಿಯೇ ಸೀಳಿದಂತಾಯಿತು. ಬೆಳಕಿಗೆ ಕಣ್ಣು ಕತ್ತಲಾಯಿತು. ಕಣ್ಣು ಬಿಟ್ಟಾಗ ತೋಟದ ಆ ಎತ್ತರದ ತೆಂಗಿನ ಸುಳಿ ಉರಿಯುತ್ತಿತ್ತು. ಕೆಳಗೆ ಅಜ್ಜ ಕೂತಿದ್ದ ಜಾಗದಲ್ಲಿ ಶಾಮಿಯಾನ ಹರಿದು, ಕಂಬ ವಾಲಿ, ಮೇಜು ಬೋರಲಾಗಿತ್ತು. ಶ್ವೇತ ಅಪ್ಪನ ತೋಳು ಹಿಡಿದುಕೊಂಡಳು. ಚಲುವರಾಜಣ್ಣ ಜಮಖಾನದ ಮೇಲೆ ಕುಸಿದು ಕೂತು ಅತ್ತುಬಿಟ್ಟ.

ಚಿಕ್ಕಬೋರಯ್ಯನವರು ಎಲೆ ಪಕ್ಕಕ್ಕಿಟ್ಟು ಅವನ ಬಳಿ ಬಂದರು. "ಅಳದ್ ಬುಡಿ ಬೀಗ್ರೇ. ನಮ್ಮನ್ನ ಎಬ್ಬುಸುದ್ರಲ್ಲ, ಅದ್ಕಿಂತ ಮರ್ವಾದೆ ಇನ್ಯಾವ್ದೈತೆ?"

ಮಳೆ ಧೋ ಎಂದು ಸುರಿದು ನಿಂತಿತು. ಒಲೆಯ ಮೇಲೆ ಬಿಟ್ಟು ಬಂದ ಪಲಾವಿನ ನೆನಪಾಗಿ ನಾಲ್ಕೈದು ಜನ ಹೊರಗೆ ಹೊರಟರು. ಕೊನೆಯ ಗುಡುಗಿನಿಂದ ಅರ್ಧ ಗಂಟೆ ಕಳೆಯಲೇಬೇಕೆಂದು ಬಾಗಿಲಿಗೆ ಅಡ್ಡ ನಿಂತದ್ದು ರಂಜಿತ ಅಲ್ಲ, ಚಲುವರಾಜಣ್ಣ. ಅವನನ್ನು ದಾಟಿ ಬಾಣಸಿಗನಿಗೂ ಹೋಗಲಾಗಲಿಲ್ಲ. ಆಮೇಲೆ ಹೊಸ ಎಲೆ ಹಾಕಿ ಬಡಿಸಿದೆವು. ಅಂಥ ಊಟ ನಮ್ಮೂರಿನಲ್ಲಿ ಇನ್ನೂ ಆಗಿಲ್ಲ.

ಓದುತ್ತಿರುವ ಅಣ್ಣಂದಿರೇ, ಅಕ್ಕಂದಿರೇ, ಎಚ್ಚರಿಕೆಯನ್ನು ಈಗ ಸರ್ಕಾರ ನಮ್ಮ ಕೈಗೇ ಕಳಿಸುತ್ತಿದೆ. ಅದನ್ನು ನಂಬಿ ಹೆಜ್ಜೆ ಇಡುವುದು ನಮ್ಮ ಕೆಲಸ. ಫೋನಿನಲ್ಲಿ ತುರ್ತು ಸಂದೇಶವನ್ನು ಆಫ್ ಮಾಡಬೇಡಿ. ಸಿಡಿಲು ಹತ್ತಿರ ಬಂದರೆ ತಿಳಿಸುವ ದಾಮಿನಿ ಆ್ಯಪ್ ಹಾಕಿಸಿಕೊಳ್ಳಿ. ಗುಡುಗಿದರೆ ಮರ, ಶಾಮಿಯಾನ, ತಗಡಿನ ಶೆಡ್ಡು, ಪಂಪ್‌ಸೆಟ್ಟು ಬಿಟ್ಟು ಗಟ್ಟಿ ಕಟ್ಟಡ ಸೇರಿ. ಸಿಡಿಲು ಬಡಿದವರನ್ನು ಮುಟ್ಟಿದರೆ ಶಾಕ್ ಹೊಡೆಯುವುದಿಲ್ಲ, ಹೆದರದೆ ಉಪಚರಿಸಿ, 108ಕ್ಕೆ ಫೋನು ಮಾಡಿ. ಮದುವೆ, ಊಟ, ಒಕ್ಕಣೆ ಏನೇ ಇರಲಿ, ಎಲ್ಲರೂ ಎಲ್ಲಿಗೆ ಹೋಗಬೇಕೆಂದು ಮೊದಲೇ ಗೊತ್ತು ಮಾಡಿ ಬಾಗಿಲು ತೆಗೆಸಿಡಿ.

ಎಚ್ಚರಿಕೆ ಬಂದಾಗ ಜನ ಒಬ್ಬರ ಮುಖ ಒಬ್ಬರು ನೋಡುತ್ತಾ ಕೂತಿರುತ್ತಾರೆ. ಅವತ್ತು ಮೊದಲು ಎದ್ದು ನಿಲ್ಲುವವರು ನೀವಾಗಿ.