ಓರೆ ಗೆರೆಯ ಎತ್ತರ

"ಮ್ಯಾಮ್, ಇದರ ಮೇಲೆ ಟೇಪ್ ಅಂಟಿಸಬೇಡಿ ಅಂತ ಹೇಳಿದ್ದೆ ಅಲ್ವಾ?" ಎನ್ನುತ್ತ ಜಾಹ್ನವಿ ಏಳನೆಯ ತರಗತಿಯ ಸ್ಮಾರ್ಟ್ ಬೋರ್ಡಿನ ಮೇಲಿದ್ದ ಸೂತ್ರಗಳ ಚಾರ್ಟನ್ನು ಮೆಲ್ಲನೆ ಕೀಳತೊಡಗಿದಳು.

"ಮತ್ತೆಂತ ಮಾಡುದು ಮಾರಾಯ್ತಿ? ಗೋಡೆಯನ್ನೆಲ್ಲ ಅದೇ ತಿಂದು ಕೂತಿದೆ. ಚಾರ್ಟ್ ನನ್ನ ಬೆನ್ನಿಗೆ ಅಂಟಿಸಿಕೊಳ್ಳುದಾ?" ಎಂದರು ಬರ್ನಡೆಟ್ ಟೀಚರ್.

ಶಿರ್ವದ ಬರ್ನಡೆಟ್ ಗಲ್ಫಿನ ಥುಮಾಮಾದ ಈ ಶಾಲೆಯಲ್ಲಿ ಗಣಿತ ಕಲಿಸಲು ತೊಡಗಿ ಇಪ್ಪತ್ತು ವರ್ಷ ದಾಟಿತ್ತು. ಈ ಸಲ ಬೇಸಿಗೆ ರಜೆ ಮುಗಿಸಿ ಊರಿಂದ ಬಂದಾಗ ಪ್ರತಿ ತರಗತಿಯಲ್ಲೂ ಬೆರಳು ತಾಗಿದರೆ ಬರೆಯುವ, ಎಳೆದರೆ ಚಿತ್ರಗಳು ಜರುಗುವ ಈ ಬೋರ್ಡುಗಳು ಬಂದು ಕೂತಿದ್ದವು. ಕಂಪನಿಯವನೊಬ್ಬ ಇಡೀ ಬೆಳಗ್ಗೆ ಬಟನ್ನುಗಳನ್ನು ತೋರಿಸಿದ. ಬರ್ನಡೆಟ್‌ರನ್ನು ಮುಂದೆ ಕರೆದಾಗ ಅವರ ಬೆರಳು ಎಲ್ಲೋ ತಾಗಿ ಪುಟವೇ ಮಾಯವಾಯಿತು. ಸ್ಟಾಫ್ ಎಲ್ಲ ಗೊಳ್ಳೆಂದಿತು. ಆಮೇಲೆ ಅವರು ಅದರ ಹತ್ತಿರ ಸುಳಿದವರಲ್ಲ. ಉಳಿದವರು ಅದರಲ್ಲಿ ಪಠ್ಯಪುಸ್ತಕದ ಪುಟ ತೆರೆದು ಓದಿಸುತ್ತಿದ್ದರು, ಅಷ್ಟೇ.

ಪ್ರಿನ್ಸಿಪಾಲ್ ರಾಮಸ್ವಾಮಿಯವರ ತಾಳ್ಮೆ ತೀರಿತ್ತು. "ಹೀಗೇ ಆದ್ರೆ ಖಲಾಸ್. ಎಲ್ಲಾ ಬಿಚ್ಚಿಸಿ ಗರಾಫಾ ಬ್ರಾಂಚಿಗೆ ಕಳಿಸ್ತೀನಿ" ಎಂದಿದ್ದರು. ಬೋರ್ಡುಗಳು ಹೋದರೆ, ಅವನ್ನು ಬಳಕೆಗೆ ತರಲೆಂದೇ ಮೈಸೂರಿನಿಂದ ಬಂದ ಜಾಹ್ನವಿಯ ಕೆಲಸವೂ ಹೋಗುತ್ತಿತ್ತು. ಅವಳು ಯಾರ ಮುಂದೆಯೂ ಹೇಳಿಕೊಂಡಿರಲಿಲ್ಲ. ಆದರೂ ಸ್ಟಾಫ್ ರೂಮಿಗೆಲ್ಲ ಗೊತ್ತಿತ್ತು.

"ನಾನು ಬಟನ್ ಕಲಿಸೋಕೆ ಬಂದಿಲ್ಲ ಮ್ಯಾಮ್. ಎಷ್ಟು ಹೇಳಿದ್ರೂ ಮಕ್ಕಳ ತಲೆಗೆ ಹತ್ತದೇ ಇರೋ ಪಾಠ ಒಂದು ಇರತ್ತಲ್ಲ, ಅದನ್ನ ಹೇಳಿ. ಅದೊಂದನ್ನೇ ಮಾಡೋಣ."

ಇಂಥ ಪ್ರಶ್ನೆಯನ್ನು ಇಷ್ಟು ವರ್ಷದಲ್ಲಿ ಯಾವ ತರಬೇತಿಯವರೂ ಕೇಳಿರಲಿಲ್ಲ. ಬರ್ನಡೆಟ್ ಕುರ್ಚಿ ಎಳೆದು ಕೂತರು.

"ಪ್ಯಾರಲಲೋಗ್ರಾಮ್ ಉಂಟಲ್ಲ, ಅದರ ಏರಿಯಾ. ಸೂತ್ರ ಎಲ್ಲರಿಗೂ ಬಾಯಿಪಾಠ. ಬದಿ ಓರೆ ಇರುವಾಗ ಎತ್ತರ ಮಾತ್ರ ನೆಟ್ಟಗೆ ಯಾಕೆ ಅಳೀಬೇಕು ಅಂತ ಕೇಳು, ಒಂದು ಪಿಳ್ಳೆಯೂ ಬಾಯಿ ಬಿಡುದಿಲ್ಲ."

ಅಂದಿನಿಂದ ಶಾಲೆ ಬಿಟ್ಟ ಮೇಲೆ ಇಬ್ಬರೂ ಕರಕ್ ಚಹಾ ಹಿಡಿದು ಆ ಬೋರ್ಡಿನೆದುರು ನಿಂತರು. ಜಾಹ್ನವಿ ಎರಡೇ ಕೆಲಸ ಹೇಳಿಕೊಟ್ಟಳು: ಆಕೃತಿಯನ್ನು ಕತ್ತರಿಸುವುದು, ತುಂಡನ್ನು ಎಳೆಯುವುದು. ತಪ್ಪಿದಾಗ ಅವಳು ಕೈ ಹಾಕಲಿಲ್ಲ, ನಗಲೂ ಇಲ್ಲ. ಮೂಲೆಯಿಂದ ಕೆಳಕ್ಕೆ ಕತ್ತರಿಸಿದರೆ ಒಂದು ತ್ರಿಕೋನ. ಅದನ್ನು ಇನ್ನೊಂದು ಬದಿಗೆ ಜರುಗಿಸಿದರೆ ಆಯತ. ಬರ್ನಡೆಟ್‌ರ ಬೆರಳಿಗೆ ಅದು ರೂಢಿಯಾಯಿತು.

ಬೋರ್ಡುಗಳು ಉಳಿಯಬೇಕೋ ಬೇಡವೋ ಎಂದು ತೀರ್ಮಾನಿಸಲು ಇಟ್ಟ ಪ್ರದರ್ಶನ ಪಾಠದ ದಿನ ರಾಮಸ್ವಾಮಿ ಹಿಂದಿನ ಸಾಲಿನ ಸಣ್ಣ ಕುರ್ಚಿಯಲ್ಲಿ ಮೊಣಕಾಲು ಮಡಚಿ ಕೂತರು. ಗೋಡೆಯುದ್ದಕ್ಕೂ ಟೀಚರುಗಳು. ಬರ್ನಡೆಟ್ ಬೋರ್ಡಿನ ಮೇಲೆ ಪ್ಯಾರಲಲೋಗ್ರಾಮ್ ಬರೆದು, "ಇದನ್ನು ಆಯತ ಮಾಡುವವರು ಯಾರು?" ಎಂದು ಇಂಗ್ಲಿಷಿನಲ್ಲಿ ಕೇಳಿದರು. ಮುಂದಿನ ಬೆಂಚಿನ ಕೈಗಳೆಲ್ಲ ಎದ್ದವು. ಅವುಗಳ ನಡುವೆ, ಕಿಟಕಿಯ ಬಳಿ, ಭುಜದ ಮಟ್ಟಕ್ಕಷ್ಟೇ ಎದ್ದ ಒಂದು ಕೈ. ಈ ವರ್ಷ ಹಾಸನದಿಂದ ಬಂದ ರಶ್ಮಿತಾ. ಇಂಗ್ಲಿಷ್ ತಡವರಿಸುತ್ತದೆಂದು ಇದುವರೆಗೆ ತರಗತಿಯಲ್ಲಿ ತುಟಿ ಬಿಚ್ಚಿದವಳಲ್ಲ.

"ಬಾ" ಎಂದರು ಬರ್ನಡೆಟ್.

ರಶ್ಮಿತಾ ಬಂದಳು. ಮೂಲೆಯನ್ನು ಬಿಟ್ಟು, ಆಕೃತಿಯ ನಟ್ಟನಡುವೆ ಬೆರಳಿಟ್ಟು ಮೇಲಿನಿಂದ ಕೆಳಕ್ಕೆ ನೆಟ್ಟಗೆ ಸೀಳಿದಳು. ತ್ರಿಕೋನ ಬರಲೇ ಇಲ್ಲ.

"ರಾಂಗ್, ಮ್ಯಾಮ್!" ಎಂದು ಯಾರೋ ಕೂಗಿದರು. ನಗು ಎದ್ದಿತು.

ಆ ನಗು ಬರ್ನಡೆಟ್‌ರಿಗೆ ಗೊತ್ತಿದ್ದ ನಗು. ಅಭ್ಯಾಸ ಮಾಡಿದ್ದು ಹೀಗಲ್ಲ. ಒಂದು ಬೆರಳು ಒತ್ತಿದರೆ ಎಲ್ಲ ಮೊದಲಿನಂತಾಗುತ್ತದೆ. ಕೈ ಮುಂದೆ ಹೋಯಿತು. ಹಿಂದೆ ನಿಂತಿದ್ದ ಜಾಹ್ನವಿಯ ಮುಖ ಬಿಳಿಚಿಕೊಂಡಿತ್ತು. ಬರ್ನಡೆಟ್ ಚಾಚಿದ ಕೈಯನ್ನು ಹಿಂದಕ್ಕೆಳೆದು ಸೊಂಟಕ್ಕೆ ಇಟ್ಟುಕೊಂಡರು.

"ನಗಬೇಡಿ. ಅವಳು ಮುಗಿಸಲಿ."

ರಶ್ಮಿತಾ ಎಡಗಡೆಯ ತುಂಡನ್ನು ಬೆರಳಿನಿಂದ ಎಳೆಯುತ್ತ ಎಳೆಯುತ್ತ ಬಲಗಡೆಯ ತುದಿಗೆ ತಂದಳು. ಓರೆ ಬದಿ ಓರೆ ಬದಿಗೆ ತಾಗಿತು. ನಡುವೆ ಒಂದು ಎಳೆಯಷ್ಟೂ ಸಂದಿಲ್ಲ. ಬೋರ್ಡಿನ ಮೇಲೆ ಚೊಕ್ಕವಾದ ಆಯತ ನಿಂತಿತ್ತು.

ಬೆಂಚುಗಳು ದಡದಡ ಬಡಿದುಕೊಂಡವು.

"ಇದು ಹೇಗಾಯ್ತು? ಕನ್ನಡದಲ್ಲೇ ಹೇಳು" ಎಂದರು ಬರ್ನಡೆಟ್.

"ಎರಡು ಪಕ್ಕದ ಓರೆನೂ ಒಂದೇ ಅಲ್ವಾ ಮಿಸ್, ಕೂಡ್ಕೊಳತ್ತೆ. ಎಲ್ಲಿ ನೆಟ್ಟಗೆ ಕುಯ್ದ್ರೂ ಆಗತ್ತೆ. ಆ ಕುಯ್ದಿದ್ದೇ ಎತ್ತರ."

ಬರ್ನಡೆಟ್ ಅದನ್ನು ಇಂಗ್ಲಿಷಿನಲ್ಲಿ ತರಗತಿಗೆ ಹೇಳಿ, "ಇದನ್ನು ನಾನೂ ಯೋಚಿಸಿರಲಿಲ್ಲ" ಎಂದು ಸೇರಿಸಿದರು. "ಯಲ್ಲಾ, ಬನ್ನಿ, ಇನ್ನು ಯಾರು ಎಲ್ಲಿ ಕತ್ತರಿಸ್ತೀರಿ, ನೋಡೋಣ."

ಮಕ್ಕಳು ನುಗ್ಗಿದರು. "ರಾಂಗ್" ಎಂದವನೇ ಮೊದಲು ಓಡಿಬಂದ. ಒಬ್ಬಳು ಅಂಚಿಗೆ, ಒಬ್ಬ ಇನ್ನೂ ಅಂಚಿಗೆ ಸೀಳಿದರು. ಪ್ರತಿ ಸಲವೂ ಆಯತ, ಪ್ರತಿ ಸಲವೂ ಕೇಕೆ. ಗಂಟೆ ಹೊಡೆದದ್ದು ಯಾರಿಗೂ ಬೇಕಿರಲಿಲ್ಲ.

ರಾಮಸ್ವಾಮಿ ಕಷ್ಟಪಟ್ಟು ಕುರ್ಚಿಯಿಂದೆದ್ದು ಜಾಹ್ನವಿಯ ಬಳಿ ಬಂದರು. "ಗರಾಫಾದವರಿಗೆ ಬೇರೆ ಬೋರ್ಡ್ ತರಿಸೋಣಮ್ಮ. ಇವು ಇಲ್ಲೇ ಇರ್ಲಿ. ಅಲ್ಲಿಯವರಿಗೂ ನೀನೇ ಹೇಳಿಕೊಡ್ಬೇಕು." ವಿಜ್ಞಾನದ ರಾಫೆಲ್ ಬಾಗಿಲಲ್ಲೇ ಅವಳನ್ನು ತಡೆದು, "ನನ್ನದೂ ಒಂದು ತಲೆಗೆ ಹತ್ತದ ಪಾಠ ಉಂಟು, ನಾಳೆ ಸಿಗ್ತೀರಾ?" ಎಂದ. ಜಾಹ್ನವಿ ತಲೆಯಾಡಿಸಿದಳು.

ಎಲ್ಲರೂ ಹೋದ ಮೇಲೆ ಬರ್ನಡೆಟ್ ಬೋರ್ಡನ್ನು ಆರಿಸಿದರು. ಕಿಟಕಿಯ ಬಿಸಿಲು ಓರೆಯಾಗಿ ಕಪ್ಪು ಗಾಜಿನ ಮೇಲೆ ಬಿದ್ದಿತ್ತು. ಕೆಳಗಿನಿಂದ, ಮಕ್ಕಳ ಕೈ ಎಟಕುವಷ್ಟು ಎತ್ತರದವರೆಗೆ, ಬೆರಳ ಗುರುತುಗಳು ತುಂಬಿದ್ದವು. ಒರೆಸಲೆಂದು ಅವರು ಬಟ್ಟೆ ಎತ್ತಿಕೊಂಡರು. ಸ್ವಲ್ಪ ಹೊತ್ತು ನೋಡಿ, ಅದನ್ನು ಮಡಚಿ ಮೇಜಿನ ಮೇಲಿಟ್ಟರು.