ಕಾಸಿಂಸಾಬನ ಪಾಲು

ಆ ವರ್ಷ ಯುದ್ಧ ಜೋರಾಗಿತ್ತು. ಎಷ್ಟು ಸಾಗವಾನಿ ಕೊಟ್ಟರೂ ಸರಕಾರಕ್ಕೆ ಸಾಲದು. ಕಾಡಿನಿಂದ ದಾಂಡೇಲಿ ಸ್ಟೇಶನ್ನಿಗೆ ದಿಮ್ಮಿ ಹೇರಿ ಹೇರಿ ನಮ್ಮ ಎತ್ತುಗಳ ಹೆಗಲು ಸುಲಿದಿತ್ತು, ನಮ್ಮ ಅಂಗಿಗಳಿಗಂತೂ ಬೆನ್ನೇ ಇರಲಿಲ್ಲ. ಅಂಥದ್ದರಲ್ಲಿ ಹಳಿಯಾಳದ ಸಾಹುಕಾರ ನಾಗಲಿಂಗಪ್ಪ ತನ್ನ ಕಟ್ಟಿಗೆ ವ್ಯಾಪಾರಕ್ಕೆ ಬೋರ್ಡು ಬರೆಸಿ ಲಿಮಿಟೆಡ್ ಕಂಪನಿ ಮಾಡಿದ. ಮಾಡಲಿ ಬಿಡು, ನಮಗೇನು? ಆದರೆ ಒಂದು ದಿನ ನಮ್ಮ ಗಾಡಿ ಸಾಲಿನ ಕಾಸಿಂಸಾಬನನ್ನು ಕರೆದು, ಕೊರಳಿಗೆ ಹಾರ ಹಾಕಿ, ಕುರ್ಚಿಯ ಮೇಲೆ ಕೂರಿಸಿಬಿಟ್ಟ.

“ಇವತ್ತಿನಿಂದ ನೀ ಬಾಡಿಗಿ ಗಾಡಿಯಂವ ಅಲ್ಲೋ ಕಾಸೀಮ. ಕಂಪನಿ ಮೆಂಬರ!”

“ಪಾಲು ಹಾಕಾಕ ನನ್ನ ಹತ್ರ ಏನೈತ್ರಿ ಸಾವ್ಕಾರ್ರ?”

“ಎತ್ತು ಅದಾವಲ್ಲ. ಕಂಪನಿ ಕೊಟ್ಟಿಗ್ಯಾಗ ಕಟ್ಟು. ಇಲ್ಲೊಂದು ಹೆಬ್ಬಟ್ಟು ಒತ್ತು.”

ನಮ್ಮ ಗಾಡಿ ಸಾಲಿಗೆ ಹೊಸಬನನ್ನು ಸೇರಿಸಿಕೊಳ್ಳುವುದೂ ಹೀಗೆಯೇ. ಅವನ ಎತ್ತು ಒಂದು ರಾತ್ರಿ ಹಿರಿಯ ದ್ಯಾಮಪ್ಪನ ಕೊಟ್ಟಿಗೆಯಲ್ಲಿ ನಿಂತು, ಅವನ ಮೇವು ತಿನ್ನಬೇಕು. ಬೆಳಿಗ್ಗೆ ಬಿಚ್ಚಿಕೊಂಡು ಹೋದರೆ ಆಯಿತು, ಅವನು ನಮ್ಮವನು. ಆಮೇಲೆ ಅವನ ಗಾಡಿ ಕೆಸರಲ್ಲಿ ಸಿಕ್ಕಿದರೆ ಯಾರ ಗಾಡಿಯೂ ಮುಂದೆ ಹೋಗುವಂತಿಲ್ಲ. ಸಾಹುಕಾರರಲ್ಲೂ ಇದೇ ಪದ್ಧತಿ ಎಂದುಕೊಂಡ ಪುಣ್ಯಾತ್ಮ, ತನ್ನ ಎತ್ತು ಸರ್ಜಾ, ಬಾದಶಾ ಎರಡನ್ನೂ ಅಲ್ಲಿ ಕಟ್ಟಿ, ಹೆಬ್ಬಟ್ಟು ಒತ್ತಿ ಬಂದ. ನಾವೂ ಖುಷಿಯಿಂದ ಅವನಿಗೆ ಚಹಾ ಕುಡಿಸಿದೆವು. ಎಂಥ ಶಾಣ್ಯಾರು ನೋಡಿ ನಾವು!

ಬೆಳಿಗ್ಗೆ ಕಾಸಿಂಸಾಬ ಎತ್ತು ಬಿಚ್ಚಲು ಹೋದರೆ ಸಾಹುಕಾರ ಅಡ್ಡ ನಿಂತ.

“ಅವು ಈಗ ಕಂಪನಿ ಎತ್ತು. ನೀ ಬರೇ ಹೊಡಕೊಂಡು ಹೋಗು.”

“ಕೂಲಿರಿ?”

“ಮಾಲಕರಿಗೆ ಎಲ್ಲಿ ಕೂಲಿನೋ ಮಳ್ಳ? ಲಾಭ ಬರ್ಲಿ ತಡಿ.”

ಲಾಭ ಬರಲೇ ಇಲ್ಲ. ಕಾಸಿಂಸಾಬನ ಹೆಂಡತಿ ಮದೀನಾಬಿ ನಮ್ಮನ್ನು ಕಂಡಾಗಲೆಲ್ಲ ನಗುತ್ತಿದ್ದಳು: “ಬರ್ರಿ, ಮಾಲಕರ ಮನಿಗೆ. ನಿನ್ನಿಯಿಂದ ಒಲಿ ಹೊತ್ತಿಲ್ಲ, ಆರಾಮ ಕುಂದರ್ರಿ.” ನಕ್ಕು ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದಳು.

ಮಳೆಗಾಲದ ಹೊತ್ತಿಗೆ ಕಂಪನಿ ಮುಳುಗಿತು ಎಂದ ಸಾಹುಕಾರ. ಮುಖದಲ್ಲಿ ಒಂದಿಷ್ಟೂ ದುಃಖವಿಲ್ಲ.

“ಲಿಮಿಟೆಡ್ ಅಂದ್ರ ಹಂಗಪಾ ಕಾಸೀಮ. ಯಾರು ಎಷ್ಟು ಹಾಕಿದ್ರೋ ಅಷ್ಟ ಹೋಗ್ತೈತಿ. ನನ್ನ ಮನಿ, ಹೊಲ ಯಾರೂ ಮುಟ್ಟಂಗಿಲ್ಲ. ನಿನ್ನ ಮನೀನೂ ಮುಟ್ಟಂಗಿಲ್ಲ, ಹೆದರಬ್ಯಾಡ.”

ಅವನು ಹಾಕಿದ್ದು ಒಂದು ಬೋರ್ಡು, ನಾಲ್ಕು ಕುರ್ಚಿ. ಇವನು ಹಾಕಿದ್ದು ಎರಡೂ ಎತ್ತು. ಎತ್ತು ಹೋದ ಮೇಲೆ ಕಾಸಿಂಸಾಬನ ಮನೆಯಲ್ಲಿ ಮುಟ್ಟಲು ಇನ್ನೇನಿತ್ತು, ಮಣ್ಣು? ನನಗೆ ಮೈಯೆಲ್ಲ ಉರಿದುಹೋಯಿತು. ಕಂಪನಿಯ ಸಾಲಕ್ಕೆಂದು ಮಾರಿದ ಆ ಎತ್ತುಗಳನ್ನು ಕೊಂಡವನು ಯಾರೆಂದರೆ ಸಾಹುಕಾರನ ಅಳಿಯ. ಅವನದೂ ಹೊಸ ಕಂಪನಿ, ಅದೂ ಲಿಮಿಟೆಡ್ಡೇ.

ಮರುದಿನ ಅಳಿಯನ ದಿಮ್ಮಿ ಹೇರಿಕೊಂಡು ನಮ್ಮ ಸಾಲು ಹೊರಟಿತು. ಹೊಟ್ಟೆ ಕೇಳಬೇಕಲ್ಲ. ಸರ್ಜಾ, ಬಾದಶಾ ಕೊನೆಯ ಗಾಡಿಗೆ. ಹೊಡೆಯುವವನು ಯಾರೋ ಅಪರಿಚಿತ. ಕಾಸಿಂಸಾಬ ಹಿಂದೆ ಬರಿಗೈಯಲ್ಲಿ ನಡೆದು ಬರುತ್ತಿದ್ದ. ಸ್ಟೇಶನ್ ರಸ್ತೆಯಲ್ಲಿ ಮದೀನಾಬಿ ಮೊದಲ ಗಾಡಿಗೇ ಅಡ್ಡ ನಿಂತಳು.

“ದ್ಯಾಮಣ್ಣಾ, ನಮ್ಮೋರ ಗಾಡಿ ಕೆಸರಾಗ ಸಿಕ್ಕೈತಿ. ನೀವು ಹೆಂಗ ಮುಂದ ಹೊಂಟ್ರಿ?”

ದ್ಯಾಮಪ್ಪ ತಲೆ ತಗ್ಗಿಸಿದ. ಆಮೇಲೆ ಗಾಡಿಯಿಂದಿಳಿದು ಎತ್ತು ಬಿಚ್ಚಿದ. ನಾನೂ ಬಿಚ್ಚಿದೆ. ಒಬ್ಬೊಬ್ಬರಾಗಿ ಎಲ್ಲರೂ ಬಿಚ್ಚಿದೆವು. ಕಾಸಿಂಸಾಬ ಸರ್ಜಾ, ಬಾದಶಾರನ್ನು ಬಿಚ್ಚಿದಾಗ ಆ ಅಪರಿಚಿತ ಪಕ್ಕಕ್ಕೆ ಸರಿದ.

ಸಾಹುಕಾರ ಧೋತರ ಎತ್ತಿಕೊಂಡು ಓಡಿಬಂದ.

“ಹೂಡ್ರೋ! ರೈಲು ಹೋಗ್ತೈತಿ! ಆ ಎತ್ತು ನಿನ್ನವಲ್ಲೋ ಕಾಸೀಮ, ಪೋಲೀಸರನ್ನ ಕರೀತೇನಿ!”

“ಕರೀರಿ,” ಎಂದ ದ್ಯಾಮಪ್ಪ. “ದಿಮ್ಮಿ ಅವರೇ ಎಳೀಲಿ.”

“ಹಂಗಾರ ಇವು ಸ್ಟೇಶನ್ ಮುಟ್ಟೂದು ಹೆಂಗೋ?”

ಕಾಸಿಂಸಾಬ ಖಾಲಿ ನೊಗ ತೋರಿಸಿದ.

“ನಮ್ಮ ಕಂಪನಿಗೆ ಮೆಂಬರ ಆಗ್ರಿ ಸಾವ್ಕಾರ್ರ. ಪಾಲಿಗೆ ರೊಕ್ಕ ಬ್ಯಾಡ, ಎತ್ತೂ ಬ್ಯಾಡ. ಒಂದು ಹೆಗಲು ಕೊಡ್ರಿ, ಸಾಕು.”

ದೂರದಲ್ಲಿ ರೈಲು ಕೂಗಿತು. ನಾವು ರಸ್ತೆಯ ಮಧ್ಯದಲ್ಲೇ ಕೂತು ಎಲೆ ಅಡಿಕೆ ಚೀಲ ಬಿಚ್ಚಿದೆವು.