ಭೀಮವ್ವನ ಅಂಕಿತ

ಮೋನಮ್ಮ ಎದ್ದು ಬಂದವಳೇ ತಾಯಪ್ಪನ ಹಾರ್ಮೋನಿಯಂ ಮೇಲೆ ಎರಡೂ ಅಂಗೈ ಊರಿ ಒತ್ತಿಬಿಟ್ಟಳು. ಪೆಟ್ಟಿಗೆ ಒಮ್ಮೆ ಕಿರುಚಿ ಸುಮ್ಮನಾಯಿತು. ತಾಳ ಹಾಕುತ್ತಿದ್ದವರ ಕೈಗಳು ಅರ್ಧಕ್ಕೇ ನಿಂತವು.

"ಆ ಹೆಸರು ನಮ್ಮವ್ವನ ಹೆಣದ ಮುಂದ ಬರಬಾರ್ದು" ಎಂದಳು. "ಕೊನೀ ನುಡಿ ಮತ್ತೊಮ್ಮಿ ಹಾಡ್ರಿ. ಅವ್ವನ ಹೆಸರು ಹಾಕಿ ಹಾಡ್ರಿ. ಅಲ್ಲೀತನಕ ಹೆಣ ಎತ್ತಾಕ ಬಿಡಂಗಿಲ್ಲ."

ಭೀಮಮ್ಮನನ್ನು ಗೋಡೆಗೆ ಆನಿಸಿ ಕೂರಿಸಿದ್ದರು. ಮೂವತ್ತು ವರ್ಷ ಭತ್ತದ ನಾಟಿಗೆ ಬಗ್ಗಿದ ಬೆನ್ನು ಸತ್ತ ಮೇಲೂ ನೆಟ್ಟಗಾಗಲು ಒಪ್ಪದೆ, ಹಿಂದೆ ಎರಡು ದಿಂಬು ತುರುಕಬೇಕಾಗಿತ್ತು. ಗೋಗಿಯಲ್ಲಿ ಯಾರು ಸತ್ತರೂ ಭಜನೆಗೆ ಬರುವವನು ತಾಯಪ್ಪ. ಭೀಮಮ್ಮನ ಮುಂದೆ ಅವಳದೇ ಪದ ಹಾಡೋಣ ಎಂದು ಆಸೆಪಟ್ಟು ಬಂದಿದ್ದ ಅವನ ಮುಖ ಸಣ್ಣದಾಯಿತು.

"ತಂಗಿ, ಕ್ಯಾಸೆಟ್ನ್ಯಾಗ ಹಂಗೇ ಅದಲ್ಲ. ನಾವೆಲ್ಲಾ ಅದನ್ನ ಕೇಳೇ ಕಲ್ತೀವಿ."

"ಕ್ಯಾಸೆಟ್ ಸುಳ್ಳು ಅದ, ಕಾಕಾ. ಸುಳ್ಳು ಹಾಡಿಸಿದವ್ರು ಅಲ್ಲೇ ನಿಂತಾರ, ಕೇಳ್ರಿ."

ಎಲ್ಲರೂ ಅತ್ತ ತಿರುಗಿದರು. ಶಹಾಪುರದ ಕ್ಯಾಸೆಟ್ ಕಂಪನಿಯ ಮಾಲೀಕ ಪಂಪಣ್ಣ ಬೆಳ್ಳನೆಯ ಧೋತರ ಉಟ್ಟು, ಕೈಯಲ್ಲಿ ಮಾರುದ್ದದ ಹಾರ ಹಿಡಿದು ನಿಂತಿದ್ದ. ಪಕ್ಕದಲ್ಲಿ ಕ್ಯಾಮೆರಾದವನು. ಕ್ಯಾಸೆಟ್ಟಿನ ಕಾಲ ಮುಗಿದ ಮೇಲೆ ಪಂಪಣ್ಣ ಹಳೆಯ ಪದಗಳನ್ನೆಲ್ಲ ಮೊಬೈಲಿನ ಚಾನೆಲ್ಲಿಗೆ ಏರಿಸಿದ್ದ. ಹಾಡಿದವಳ ಹೆಣದ ಮುಂದೆ ಅವಳದೇ ಪದ ಹಾಡುವುದನ್ನು ಹಿಡಿದರೆ ಜನ ಮುಗಿಬಿದ್ದು ನೋಡುತ್ತಾರೆಂದು ಬಂದಿದ್ದ. ಮಣ್ಣಿಗೆ ಬಂದವನ ಕಣ್ಣು ಒಮ್ಮೆಯೂ ಭೀಮಮ್ಮನ ಕಡೆ ಹೋಗಿರಲಿಲ್ಲ, ಬೆಳಕು ಯಾವ ಕಡೆಯಿಂದ ಬೀಳುತ್ತಿದೆ ಎಂದೇ ನೋಡುತ್ತಿದ್ದ.

*

ಕಾಲುವೆಗೆ ನೀರು ಬಂದು ಜೋಳದ ಹೊಲಗಳು ಗದ್ದೆಗಳಾಗಿ ಹತ್ತು ವರ್ಷ ಕಳೆದಿದ್ದ ಕಾಲ. ನಾಟಿಯ ಸಾಲಿನಲ್ಲಿ ಭೀಮಮ್ಮ ಪದ ಕಟ್ಟಿ ಹಾಡುತ್ತಾಳೆಂಬ ಸುದ್ದಿ ಕೇಳಿ ಪಂಪಣ್ಣ ಅವಳನ್ನು ಶಹಾಪುರಕ್ಕೆ ಕರೆಸಿದ್ದ. ಗೋಡೆ ತುಂಬ ಗೋಣಿತಟ್ಟು ಬಡಿದ ಕೋಣೆ. ಸದ್ದು ಮೈಕಿಗೆ ಬರುತ್ತದೆಂದು ಫ್ಯಾನು ಬಂದ್. ಭೀಮಮ್ಮ ಕಣ್ಣು ಮುಚ್ಚಿ ಹಾಡಿದಳು. ಪದ ಕಟ್ಟಿದವರ ಹೆಸರು ಕೊನೆಯ ನುಡಿಯಲ್ಲಿ ಅಂಕಿತವಾಗಿ ಬರಬೇಕಲ್ಲ, ಹಾಗೇ ಮುಗಿಸಿದಳು:

ಹಿಂದಕ ಹಿಂದಕ ಹೆಜ್ಜಿಯನಿಟ್ಟು ದಂಡಿಯ ಮುಟ್ಟೀನವ್ವ,
ಮುಂದಿನ ದಾರಿ ಬೆನ್ನಿಗಿ ಗೊತ್ತ ಅಂದಾಳ ಗೋಗಿಯ ಭೀಮವ್ವ.

ಗಾಜಿನ ಆಚೆಯಿಂದ ಪಂಪಣ್ಣ ಎದ್ದು ಬಂದ. "ಎಲ್ಲಾ ಚಲೋ ಬಂದದ. ಕೊನೀಗಿ ನಿನ್ನ ಹೆಸರು ಬ್ಯಾಡ. 'ಅಂದಾನ ಕವಿ ಪಂಪಣ್ಣ' ಅನ್ನು."

"ಪದಾ ನಾ ಕಟ್ಟೀನ್ರಿ, ಸಾವ್ಕಾರ್ರ."

"ಯಾರು ಇಲ್ಲಂದ್ರು? ಕೂಲಿ ಹೆಣ್ಮಗಳ ಹೆಸರು ಕೇಳಿದ್ರ ಅಂಗಡಿಯವ್ರು ಕ್ಯಾಸೆಟ್ ಮುಟ್ಟಂಗಿಲ್ಲ. ನೀ ಒಲ್ಲೆ ಅಂದ್ರ ಯಾದಗಿರಿಯಿಂದ ಬ್ಯಾರೆಯಾಕಿನ್ನ ಕರಸ್ತೀನಿ. ಪದ ಹೆಂಗೂ ಟೇಪಿನ್ಯಾಗ ಬಂದಾಗ್ಯದ. ನೀನೇ ಹಾಡಿದ್ರ ಧ್ವನಿಯಾದ್ರೂ ನಿಂದು ಉಳೀತದ, ನೋಡು."

ಎಂಥ ಉಪಕಾರ! ಮನೆಗೆ ಕನ್ನ ಹಾಕಿದವನು ಹೊರಡುವಾಗ ಒಂದು ತಂಬಿಗೆ ವಾಪಸು ಕೊಟ್ಟು ಕೈ ಮುಗಿಸಿಕೊಂಡ ಹಾಗೆ. ಭೀಮಮ್ಮ ನೀರು ಕೇಳಿ ಕುಡಿದಳು. ಜೊತೆಗೆ ಬಂದಿದ್ದ ಗೆಳತಿ ಲಾಲಮ್ಮನ ಮುಖ ನೋಡಿದಳು. ಆಮೇಲೆ ಅವನು ಹೇಳಿದಂತೆಯೇ ಹಾಡಿ, ತೋರಿಸಿದ ಕಾಗದಕ್ಕೆ ಹೆಬ್ಬೆಟ್ಟು ಒತ್ತಿ ಬಸ್ಸು ಹತ್ತಿದಳು.

ಮರು ವರ್ಷದ ನಾಟಿಯ ಹೊತ್ತಿಗೆ ಚಹಾದಂಗಡಿ, ಟಂಟಂ ಆಟೋ, ಹಿಟ್ಟಿನ ಗಿರಣಿ ಎಲ್ಲ ಕಡೆ ಅದೇ ಪದ. ಹನ್ನೆರಡು ವರ್ಷದ ಮೋನಮ್ಮನಿಗೆ ಅದು ಬಾಯಿಪಾಠ. ಅವ್ವನ ಪಕ್ಕದಲ್ಲೇ ಸಸಿ ಹಚ್ಚುತ್ತಿದ್ದಳು. ಗದ್ದೆಯಲ್ಲಿ ಪಂಪಣ್ಣನೂ ಇಲ್ಲ, ಮೈಕೂ ಇಲ್ಲ. ಭೀಮಮ್ಮ ಧೈರ್ಯವಾಗಿ ತನ್ನ ಹೆಸರು ಹಾಕಿ ಹಾಡಿದಳು.

"ಯವ್ವ, ತಪ್ಪು ಹಾಡಿದಿ!" ಮೋನಮ್ಮ ಜೋರಾಗಿ ನಕ್ಕಳು. "ಅಲ್ಲಿ ಪಂಪಣ್ಣ ಅಂತ ಬರ್ತದ."

ಇಡೀ ಸಾಲು ನಕ್ಕಿತು. ನಗದೆ ಇದ್ದವಳು ಲಾಲಮ್ಮ ಒಬ್ಬಳೇ. ಭೀಮಮ್ಮ ಮಗಳನ್ನು ಒಂದು ಕ್ಷಣ ನೋಡಿ, ಬಗ್ಗಿ ಕೆಲಸ ಮುಂದುವರಿಸಿದಳು. ಅವತ್ತಿನಿಂದ ಅವಳ ಬಾಯಲ್ಲಿ ಪದದ ಒಂದು ಸೊಲ್ಲೂ ಯಾರೂ ಕೇಳಲಿಲ್ಲ.

ನಡೆದದ್ದೇನೆಂದು ಲಾಲಮ್ಮ ಬಾಯಿ ಬಿಟ್ಟದ್ದು ನಿನ್ನೆ, ಭೀಮಮ್ಮನ ಉಸಿರು ನಿಂತ ಮೇಲೆ. ಮಗಳಿಗೆ ಗೊತ್ತಾದರೆ ನೊಂದುಕೊಳ್ಳುತ್ತಾಳೆಂದು ಭೀಮಮ್ಮ ಲಾಲಮ್ಮನಿಂದ ಆಣೆ ಮಾಡಿಸಿಕೊಂಡಿದ್ದಳು.

*

ತಾಯಪ್ಪ ಮತ್ತೆ ಶ್ರುತಿ ಹಿಡಿದ. ಅಂಗಳದಲ್ಲಿದ್ದವರೆಲ್ಲ ದನಿಗೂಡಿಸಿದರು. ಕೊನೆಯ ನುಡಿ ಬಂತು. ಇಪ್ಪತ್ತು ವರ್ಷದ ರೂಢಿ, ನಾಲಿಗೆ ಯಾರ ಮಾತು ಕೇಳುತ್ತದೆ? ಪಂಪಣ್ಣ ಎಂದೇ ಬಂತು. ಮೋನಮ್ಮನ ಬಾಯಲ್ಲೂ ಅದೇ ಬಂತು. ಅವಳು ಪಟಪಟನೆ ತನ್ನ ಬಾಯಿಗೆ ತಾನೇ ಹೊಡೆದುಕೊಂಡಳು. ಹೆಂಗಸರು ಓಡಿ ಬಂದು ಕೈ ಹಿಡಿದರು.

ಪಂಪಣ್ಣ ಹತ್ತಿರ ಬಂದ. "ಹೊತ್ತಾಗಾಕತ್ತದ, ಮೋನಮ್ಮ. ಒಂದು ಹೆಸರಿಗೆ ಇಷ್ಟು ಯಾಕ ಜಗಳ ತಗೀತಿ?"

"ಅಷ್ಟು ಸಣ್ಣದಿದ್ರ ನೀವ್ಯಾಕ ಕಸಗೊಂಡ್ರಿ, ಸಾವ್ಕಾರ್ರ?"

ಪಂಪಣ್ಣ ಕ್ಯಾಮೆರಾದವನ ಕಡೆ ತಿರುಗಿದ. "ಬಂದ್ ಮಾಡೋ ಅದನ್ನ."

"ಬಂದ್ ಮಾಡಬ್ಯಾಡ್ರಿ!" ಮೋನಮ್ಮ ಚೀರಿದಳು. "ಹಿಡೀರಿ. ಅದಕ್ಕೇ ಬಂದೀರಲ್ಲ, ಹಿಡೀರಿ."

ಮೂಲೆಯಲ್ಲಿ ಕೂತಿದ್ದ ಲಾಲಮ್ಮ ಮೊಣಕಾಲು ಹಿಡಿದುಕೊಂಡು ಎದ್ದಳು. ಕೆಸರಿಗೆ ಇಳಿಯುವಾಗ ಮಾಡುವಂತೆ ಸೀರೆಯ ನೆರಿಗೆ ಎತ್ತಿ ಟೊಂಕಕ್ಕೆ ಸಿಗಿಸಿದಳು. "ಕುಂತು ಹಾಡಿದ್ರ ಬಾಯಿಗೆ ಕ್ಯಾಸೆಟ್ಟೇ ಬರ್ತದ. ಗದ್ದ್ಯಾಗ ಹಾಡಿದಂಗ ಹಾಡೂನು. ಏಳ್ರೆವ್ವಾ, ಸಾಲು ಹಿಡೀರಿ. ಹೆಣ ಎತ್ರಪ್ಪಾ ನೀವು."

"ಹೆಣ್ಮಕ್ಕಳು ಚಟ್ಟದ ಮುಂದ ಹೋಗೂದು ಪದ್ಧತಿ ಅಲ್ಲವಾ, ಲಾಲಮ್ಮ" ಎಂದ ತಾಯಪ್ಪ.

"ಕಂಡವರ ಹೆಸರು ಹಾಡೂದು ಪದ್ಧತಿ ಏನು?"

ತಾಯಪ್ಪ ಪೆಟ್ಟಿಗೆ ಮುಚ್ಚಿ, ಎದ್ದು ಚಟ್ಟಕ್ಕೆ ಹೆಗಲು ಕೊಟ್ಟ. ಹಳೆಯ ಸಾಲಿನ ಹೆಂಗಸರು ಹದಿಮೂರು ಮಂದಿ ಕಾಲುವೆಯ ಏರಿಯ ಮೇಲೆ ಚಟ್ಟಕ್ಕೆ ಮುಖ ಮಾಡಿ ಅಡ್ಡಸಾಲಾಗಿ ನಿಂತರು. ಮೋನಮ್ಮ ಲಾಲಮ್ಮನ ಪಕ್ಕ ನಿಂತಳು, ಹಿಂದೆ ಅವ್ವ ನಿಲ್ಲುತ್ತಿದ್ದ ಜಾಗದಲ್ಲಿ. ಎಲ್ಲರೂ ಬಗ್ಗಿದರು. ಸಸಿ ಹಚ್ಚುವ ಕೈ ಬೀಸಿಕೊಂಡು ಹಿಂದಕ್ಕೆ ಒಂದು ಹೆಜ್ಜೆ, ಮತ್ತೊಂದು ಹೆಜ್ಜೆ. ಪದ ತಾನಾಗಿ ಬಂತು. ಕೊನೆಯ ನುಡಿ ಹತ್ತಿರವಾಯಿತು. ಮೋನಮ್ಮನ ಕಾಲು ನಿಲ್ಲಲಿಲ್ಲ.

ಮುಂದಿನ ದಾರಿ ಬೆನ್ನಿಗಿ ಗೊತ್ತ ಅಂದಾಳ ಗೋಗಿಯ ಭೀಮವ್ವ.

ಬಂತು. ಹದಿಮೂರು ಬಾಯಲ್ಲೂ ಬಂತು, ಹದಿನಾಲ್ಕನೆಯ ಬಾಯಲ್ಲೂ ಬಂತು.

ಚಟ್ಟಕ್ಕೆ ಹಾರ ಹಾಕುವುದನ್ನು ಕ್ಯಾಮೆರಾದಲ್ಲಿ ಹಿಡಿಸಿಕೊಳ್ಳಬೇಕೆಂದು ಪಂಪಣ್ಣ ಮೊದಲೇ ಹೋಗಿ ಏರಿಯ ನಡುವೆ ನಿಂತಿದ್ದ. "ಸರೀರಿ, ಸರೀರಿ" ಎಂದು ಕೂಗಿದ. ಬೆನ್ನು ಮಾಡಿ ಬರುತ್ತಿದ್ದ ಸಾಲಿಗೆ ಅವನು ಕಾಣಲಿಲ್ಲ. ಕೂಗಿದ್ದು ಪದದಲ್ಲಿ ಮುಳುಗಿಹೋಯಿತು. ಬಗ್ಗಿದ ಬೆನ್ನುಗಳು ಮೈಗೆ ತಾಗುವಷ್ಟು ಹತ್ತಿರ ಬಂದಾಗ ಪಂಪಣ್ಣ ಪಕ್ಕದ ಗದ್ದೆಗೆ ಇಳಿದ. ಬಿಳಿಯ ಧೋತರ ಮೊಣಕಾಲಿನವರೆಗೆ ಕೆಸರಿಗೆ ಹೋಯಿತು. ಹಾರ ನೆನೆಯದಂತೆ ಎರಡೂ ಕೈ ಮೇಲೆತ್ತಿ ಹಿಡಿದು ಅವನು ಹಾಗೇ ನಿಂತಿದ್ದ, ಅವನ ತಲೆಯ ಮೇಲಿನ ಏರಿಯಲ್ಲಿ ಭೀಮವ್ವ ದಾಟಿ ಹೋದಳು.